ಸೀಗೇಕಾಯಲ್ಲಿ ತೊಳೆದ ರೀಲು

ಮತ್ತಿಗಿರಿಯ ದನದ ಫಾರಂನ ಇಂಗ್ಲಿಷ್ ದೊರೆ ತನ್ನ ಸೀಮೆಗೆ ಹೊರಡುವಾಗ ಆಳು ಮುತ್ತರಾಯಪ್ಪನ ಕೈಗೆ ಒಂದು ತಗಡಿನ ಡಬ್ಬಿ ಕೊಟ್ಟಿದ್ದ. ಅದರಲ್ಲಿ ಇಂಗ್ಲೆಂಡಿನ ಹಳೇ ಮೂಕಿ ನಗೆಚಿತ್ರದ ರೀಲು, ಹತ್ತೇ ನಿಮಿಷದ್ದು. ಬಾತುಕೋಳಿ ಕದ್ದವನನ್ನು ಅಟ್ಟಿಸಿಕೊಂಡು ಹೋಗುವ ಡೊಳ್ಳುಹೊಟ್ಟೆಯ ಪೋಲೀಸು ಕೊನೆಗೆ ಸುಣ್ಣದ ತೊಟ್ಟಿಗೆ ಬೀಳುತ್ತಾನೆ. ಮೂವತ್ತೈದು ವರ್ಷದಿಂದ ಇದನ್ನೇ ಹೇಳಿ ಹೇಳಿ ಅವನು ಹೆಂಡತಿ ಸಾಕಮ್ಮನ ತಲೆ ತಿಂದಿದ್ದ. ತೋರಿಸಲು ಮಾತ್ರ ಆಗಿರಲಿಲ್ಲ. ಚಿತ್ರ ಬಿಡುವ ಮೆಷಿನ್ನು ದೊರೆಯ ಜೊತೆಗೇ ಹಡಗು ಹತ್ತಿತ್ತು.

ಈಗ ಸಾಕಮ್ಮನ ಕಣ್ಣು ಹೋಗುತ್ತಿತ್ತು. "ನರ ಸೋತಿದೆ, ಆಪರೇಷನ್ನಿಗೆ ಬಗ್ಗಲ್ಲ. ಒಂದಿನ ಎಲ್ಲಾ ಬೆಳ್ಳಗೆ ಮಂಜು ಕವಿದಂಗಾಗ್ತದೆ" ಎಂದು ಕೃಷ್ಣಗಿರಿಯ ಡಾಕ್ಟರು ಅವಳೆದುರೇ ಹೇಳಿಬಿಟ್ಟಿದ್ದರು, ಪುಣ್ಯಾತ್ಮರು! ಅಷ್ಟರೊಳಗೆ ಆ ಪೋಲೀಸು ಬೀಳುವುದನ್ನು ಕಂಡು ಅವಳು ಒಮ್ಮೆ ನಗಬೇಕು. ಮುತ್ತರಾಯಪ್ಪನಿಗೆ ಬೇರೆ ಆಸೆಯೇ ಇರಲಿಲ್ಲ. ಹೊಸೂರಿನ ಕಾರ್ಖಾನೆಯಲ್ಲಿದ್ದ ತಮ್ಮನ ಮಗ ಚನ್ನಕೇಶವ ಅಲ್ಲಿನ ಕ್ಲಬ್ಬಿನ ಪ್ರೊಜೆಕ್ಟರನ್ನು ಭಾನುವಾರಕ್ಕೆ ಗೊತ್ತುಮಾಡಿದ.

ಬಸ್ಸಿನಲ್ಲಿ ಸಾಕಮ್ಮ ಗುಟ್ಟು ಬಿಟ್ಟುಕೊಟ್ಟಳು. "ರೀಲು ಹುಳಿ ನಾತ ಹೊಡೀತಿತ್ತು. ನೆನ್ನೆ ಬಿಸಿನೀರಿಗೆ ಸೀಗೇಕಾಯಿ ಹಾಕಿ ಉಜ್ಜಿ ತೊಳ್ದು, ನೆಳ್ಳಾಗೆ ಒಣಗಾಕಿ ಸುತ್ತಿಟ್ಟಿವ್ನಿ. ಕನ್ನಡಿ ಹಂಗೆ ಫಳಫಳ ಅಂತೈತೆ."

"ಒಳ್ಳೇದಾಯ್ತು ಬಿಡು" ಎಂದ ಮುತ್ತರಾಯಪ್ಪ. ದೊರೆ ಬಟ್ಟೆಯಲ್ಲಿ ರೀಲು ಒರೆಸುತ್ತಿದ್ದುದನ್ನು ಅವನು ಕಂಡಿದ್ದ. ಒರೆಸಿದರೇನು, ತೊಳೆದರೇನು ಎಂದುಕೊಂಡ.

ಕ್ಲಬ್ಬಿನಲ್ಲಿ ದೀಪ ಆರಿತು, ಮೆಷಿನ್ನು ಕಟಕಟ ಎಂದಿತು. ಗೋಡೆಯ ಮೇಲೆ ಬರೀ ಬಿಳಿ ಬೆಳಕು ಬಿತ್ತು. ಎಷ್ಟು ಹೊತ್ತಾದರೂ ಅದೇ.

ಚನ್ನಕೇಶವ ಬಂದು ಕಿವಿಯಲ್ಲಿ ಉಸುರಿದ. "ದೊಡ್ಡಪ್ಪಾ, ಚಿತ್ರ ಎಲ್ಲಾ ತೊಳ್ದೋಗ್ಬುಟ್ಟೈತೆ. ಬರೀ ಪಟ್ಟಿ ಓಡ್ತಾ ಐತೆ."

ಅಷ್ಟರಲ್ಲಿ ಸಾಕಮ್ಮ ಗಂಡನ ಮಣಿಕಟ್ಟು ಹಿಡಿದಳು. "ಡಾಕ್ಟ್ರು ಹೇಳಿದ್ದು ಬಂದ್ಬುಡ್ತು. ಎಲ್ಲಾ ಬೆಳ್ಳಗೈತೆ."

"ಕಣ್ಣಲ್ಲ ಕಣೇ! ರೀಲಾಗೇ ಏನೂ ಇಲ್ಲ."

"ಸಮಾಧಾನಕ್ಕೆ ಸುಳ್ಳು ಹೇಳ್ಬ್ಯಾಡಿ. ಫಳಫಳ ಅನ್ನೋ ಹಂಗೆ ನನ್ನ ಕೈಯಾರೆ ತೊಳ್ದಿಲ್ವಾ?"

"ನಿಜ ದೊಡ್ಡಮ್ಮಾ" ಎಂದ ಚನ್ನಕೇಶವ.

"ನೀನೂ ಸೇರ್ಕೊಂಡ್ಯಾ?" ಸಾಕಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ದೀಪ ಹಾಕ್ತೀನಿ ಎಂದು ಹೊರಟ ಚನ್ನಕೇಶವನನ್ನೂ ತಡೆದಳು. "ಬ್ಯಾಡ, ಓಡ್ಲಿ. ನೀವು ಹೇಳ್ತಾ ಹೋಗಿ."

ನಿಜಕ್ಕೇ ಬೆಲೆಯಿಲ್ಲದ ಮೇಲೆ ಮುತ್ತರಾಯಪ್ಪನಾದರೂ ಏನು ಮಾಡಿಯಾನು? ಹೇಳತೊಡಗಿದ.

"ಓಡ್ತಾವ್ನೆ... ತೊಟ್ಟಿ ಹತ್ರ ಬಂದ..."

"ಬಿದ್ನಾ?"

"ಬಿದ್ದ."

ಕಣ್ಣು ಮುಚ್ಚಿಕೊಂಡೇ ಸಾಕಮ್ಮ ಗಂಡನ ಖುಷಿಗಾಗಿ ಗಟ್ಟಿಯಾಗಿ ನಕ್ಕಳು. ಮೂವತ್ತೈದು ವರ್ಷ ಕಾದಿದ್ದ ಆ ನಗುವನ್ನು ಕೇಳಲಾರದೆ ಮುತ್ತರಾಯಪ್ಪ ಕಿವಿ ಮುಚ್ಚಿಕೊಂಡ.