ಬಂಗಡೆ ತಲೆ

"ಬಾಯಿ ತೆಗಿಯೇ, ರಂಡೆ! ಮನೇಲಿ ಇದೇ ಅಲ್ದನೇ ತಿಂಬದು?"

ನರ್ಮದಾಳ ಕೊಡೆಯ ತುದಿಗೆ ಕೊಳೆತ ಬಂಗಡೆ ಮೀನಿನ ತಲೆ ಚುಚ್ಚಿಕೊಂಡಿತ್ತು. ಕಣ್ಣಿನ ಗುಳಿಯಲ್ಲಿ ಹುಳ ಮಿಜಿಗುಡುತ್ತಿದ್ದವು. ತರಗತಿಯ ಹುಡುಗಿಯರು ಗಂಗೆಯನ್ನು ಶಾಲೆಯ ಹಿಂಬದಿಯ ಜಗಲಿಯಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಒಬ್ಬಳು ಕೊಡೆಯ ಕೊಕ್ಕೆಯನ್ನು ಅವಳ ಕುತ್ತಿಗೆಗೆ ಸಿಕ್ಕಿಸಿದ್ದಳು. ಮತ್ತೊಬ್ಬಳು ಕೊಡೆಯ ಮೊನೆಯನ್ನು ಹೊಟ್ಟೆಗೆ ಇಟ್ಟಿದ್ದಳು. ಯಾರೂ ಕೈಯಿಂದ ಮುಟ್ಟಿರಲಿಲ್ಲ. ಮುಟ್ಟಿದರೆ ಮನೆಗೆ ಹೋಗಿ ಮೀಯಬೇಕಲ್ಲ.

ನಮ್ಮ ಮಾವಿನಕುರ್ವೆಯ ಮೀನುಗಾರರ ಕೇರಿಯಿಂದ ಹೊಳೆ ದಾಟಿ ಹೈಸ್ಕೂಲಿಗೆ ಹೋದ ಮೊದಲ ಹೆಣ್ಣು ಗಂಗೆ. ದಿನಾ ಬೆಳಿಗ್ಗೆ ಚರ್ಮ ಕೆಂಪಾಗುವ ತನಕ ಸೀಗೆಪುಡಿ ತಿಕ್ಕಿಕೊಂಡು ಹೊರಡುತ್ತಿದ್ದಳು. ಅವಳು ಒಳಗೆ ಕಾಲಿಟ್ಟರೆ ಹುಡುಗಿಯರು ಮೂಗು ಮುಚ್ಚುತ್ತಿದ್ದರು. ಮಳೆಗಾಲ ಹಿಡಿದ ಮೇಲೆ ಮಧ್ಯಾಹ್ನ ಉಣ್ಣುವುದನ್ನೇ ಬಿಟ್ಟಿದ್ದಳು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಳು. ತಾಯಿ ಕೇಳಿದರೆ, "ಎಂತ ಇಲ್ಲ" ಅನ್ನುತ್ತಿದ್ದಳು.

ಮೊನೆ ಹೊಟ್ಟೆಗೆ ತಿವಿಯಿತು. ಬಾಯಿ ತೆರೆಯಿತು. ಬಂಗಡೆ ತಲೆ ಒಳಗೆ ಹೋಯಿತು. ಗಂಗೆ ಅಂಗಿ, ಲಂಗದ ಮೇಲೆಲ್ಲ ಕಾರಿಕೊಂಡಳು.

ನಗು ಕೇಳಿ ಮಹಾಬಲ ಮಾಸ್ತರರು ಬಂದರು.

"ಎಂತ ಹೊಲಸೇ ಇದು?"

"ಅದು ಮೀನು ತಂದು ತಿಂದದ್ದು ಮಾಸ್ತರ್ರೇ," ಎಂದಳು ನರ್ಮದಾ.

"ಸುಳ್ಳು! ಅವ್ರೇ ಬಾಯಿಗೆ ತುರ್ಕಿದ್ರು!"

"ನಿನ್ನ ಬಾಯಿಗೆ ಯಾರೇ ಕೈ ಹಾಕ್ತಾರೆ? ಶಾಲೆ ಕಮಿಟಿ ಅಧ್ಯಕ್ಷರ ಮಗಳ ಮೇಲೆ ದೂರು ಹೇಳ್ತೆ? ಸಗಣಿ ತಂದು ಜಗಲಿ ಸಾರ್ಸು. ಆಮೇಲೆ ಮನೆಗೆ ಸಾಯಿ."

ಸುದ್ದಿ ಪೇಟೆಗೆ ಮುಟ್ಟಿ, ಅಲ್ಲಿ ಮೀನು ಮಾರುತ್ತಿದ್ದ ತಾಯಿ ತಿಮ್ಮಕ್ಕ ಬುಟ್ಟಿ ಸಮೇತ ಓಡಿ ಬಂದಳು. ಮೆಟ್ಟಿಲ ಕೆಳಗೆ ಮಳೆಯಲ್ಲೇ ನಿಂತಳು.

"ಒಡೆಯಾ, ನನ್ ಕೂಸು ಎಂತ ತಪ್ಪು ಮಾಡ್ತು?"

"ಬುಟ್ಟಿ ದೂರ ಇಡೇ, ನಾರ್ತದೆ! ಮೀನು ಮಾರೂಕೆ ಇಂಗ್ಲಿಷ್ ಎಂತಕ್ಕೆ? ಜಗಲಿ ಸಾರ್ಸಿ ಆದ್ಮೇಲೆ ಕರ್ಕಂಡು ಹೋಗಿ ಇದ್ಕೊಂದು ಗಂಡು ನೋಡು."

ತಿಮ್ಮಕ್ಕ ಬುಟ್ಟಿ ದೂರ ಇಟ್ಟಳು. ಸಗಣಿ ಹೆಕ್ಕಿ ತಂದು, ಮಗಳ ಕಾಲ ಬುಡದಲ್ಲಿ ಕುಕ್ಕರಿಸಿ, ತಾನೇ ಸಾರಿಸತೊಡಗಿದಳು. ಹುಡುಗಿಯರು ಮತ್ತೆ ನಕ್ಕರು.

ಗಂಗೆ ತಾಯಿಯ ಬಗ್ಗಿದ ಬೆನ್ನು ನೋಡಿದಳು.

"ಅವ್ವಿ, ಏಳು. ಬಿಡು ಅದನ್ನ."

ತಿಮ್ಮಕ್ಕ ಏಳಲಿಲ್ಲ. ಗಂಗೆ ನೆಟ್ಟಗೆ ತರಗತಿಯೊಳಗೆ ಹೋದಳು. ವಾಂತಿ ಸುರಿಯುತ್ತಿದ್ದ ಲಂಗದಲ್ಲೇ ಮುಂದಿನ ಬೆಂಚಿನ ನಡುಮಧ್ಯ ಕೂತಳು. ಬೆಂಚಿನಲ್ಲಿದ್ದವರು ಡೆಸ್ಕು ಹಾರಿ ಹೊರಗೆ ಓಡಿದರು.

"ಏಳೇ, ಬೇವರ್ಸಿ!"

ಮಾಸ್ತರರು ಪಂಚೆಯ ಚುಂಗನ್ನು ಮೂಗಿಗೆ ಒತ್ತಿ, ದೂರದಿಂದಲೇ ಬೆತ್ತ ಬೀಸಿದರು. ಪೆಟ್ಟು ಹೆಗಲಿಗೆ ಬಿತ್ತು. ಗಂಗೆ ಡೆಸ್ಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಅವಳ ಬಾಯಂಚಿನಲ್ಲಿ ಇನ್ನೂ ಮೀನಿನ ಚೂರು ಅಂಟಿತ್ತು.

ಎರಡನೆಯ ಪೆಟ್ಟಿಗೆ ಎತ್ತಿದ ಬೆತ್ತ ಕೆಳಗೆ ಬರಲಿಲ್ಲ. ತಿಮ್ಮಕ್ಕ ಹಿಂದಿನಿಂದ ಅದನ್ನು ಸಗಣಿ ಕೈಯಲ್ಲಿ ಹಿಡಿದಿದ್ದಳು. ಮಾಸ್ತರರು ಕೈ ಸುಟ್ಟವರಂತೆ ಬೆತ್ತ ಬಿಟ್ಟರು.

ತಿಮ್ಮಕ್ಕ ಬೆತ್ತ ಹಿಡಿದುಕೊಂಡೇ ಬಾಗಿಲಿಗೆ ಅಡ್ಡ ಕೂತಳು.

"ಪಾಠ ಹೇಳು," ಎಂದಳು.