ಕಾಶಿಯಲ್ಲಿ ಬಿಟ್ಟ ಮಾವು

“ಅತ್ತಿಗೆ, ಕಾಶೀಲಿ ಏನು ಬಿಟ್ಟು ಬಂದ್ರಿ?”

ಕ್ರೋಯ್ಡನ್ನಿನ ತನ್ನ ಫ್ಲ್ಯಾಟಿನಲ್ಲಿ ನಾದಿನಿ ಮಾಳವಿಕಾ ಸೌಟು ಹಿಡಿದು ಕೇಳಿದಾಗ ನೀರಜಾ ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೇ ಇಳಿಸಿದಳು. ಮಿಕ್ಕ ಎಲ್ಲದಕ್ಕೂ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದಳು. ಮುಖ ಕಪ್ಪಿಟ್ಟಿದ್ದಕ್ಕೆ ಕಾಶಿಯ ಬಿಸಿಲು, ಫೋಟೊ ಇಲ್ಲದ್ದಕ್ಕೆ ಗುಡಿಯೊಳಗೆ ಫೋನ್ ಬಿಡುವುದಿಲ್ಲವೆಂಬ ನೆಪ, ಹಂಚಲಿಕ್ಕೆ ಇಲ್ಲೇ ಈಸ್ಟ್ ಹ್ಯಾಮಿನ ಅಂಗಡಿಯಲ್ಲಿ ಕೊಂಡ ಕಾಶೀದಾರ. ಆದರೆ ಕಾಶಿಗೆ ಹೋದವರು ತಮಗಿಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರಬೇಕು, ಬದುಕಿರುವವರೆಗೆ ಮತ್ತೆ ಅದನ್ನು ಬಾಯಿಗಿಡಬಾರದು ಅನ್ನುವುದು ಮಾತ್ರ ಅವಳಿಗೆ ಮರೆತೇ ಹೋಗಿತ್ತು.

ಕಾಶಿಗೆ ಹೋಗಿದ್ದರಲ್ಲವೇ ನೆನಪಾಗುವುದು! ಅವಳು ಹೋಗಿದ್ದು ಮೆಕ್ಸಿಕೋದ ಒಂದು ಕಡಲ ದಂಡೆಗೆ, ಒಬ್ಬಳೇ.

ಗಂಡ ಉದಯಶಂಕರ್ ತೀರಿಕೊಂಡ ಮೇಲೆ ಆಸ್ಪತ್ರೆಯ ಡ್ಯೂಟಿ, ರೇನರ್ಸ್ ಲೇನಿನ ಮನೆ, ಮಂಡಿನೋವಿನ ಅತ್ತೆ, ಇಷ್ಟರಲ್ಲೇ ಸುತ್ತಿದ್ದಳು. ಒಂದು ದಿನ ಸುಮ್ಮನೆ ಕೂತದ್ದಿಲ್ಲ. ‘ನಿಮ್ಮಮ್ಮನನ್ನು ಒಂದು ವಾರ ನೋಡಿಕೋ, ನಾನು ಸಮುದ್ರದ ಮುಂದೆ ಕೂತು ಬರುತ್ತೇನೆ’ ಅನ್ನಲು ಮಾಳವಿಕಾಳೆದುರು ಬಾಯೇಳಲಿಲ್ಲ. ಕಾಶಿ ಅಂದಳು. ಕಾಶಿ ಅಂದರೆ ಯಾರು ಬೇಡ ಅಂದಾರು? ಅತ್ತೆ ವಿಶಾಲಾಕ್ಷಮ್ಮನವರಂತೂ ಸೊಸೆಯ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಿದ್ದರು. “ನಂಗೆ ಹೆಸರು ಕೊಟ್ಟ ತಾಯಿ ಇರೋ ಊರು ಕಣೇ. ನನ್ನ ಕಣ್ಣೂ ನೀನೇ ತಗೊಂಡು ಹೋಗು.”

ಆ ದಂಡೆಯಲ್ಲಿ ಹೆಂಗಸೊಬ್ಬಳು ಮಾವಿನಹಣ್ಣನ್ನು ಕಡ್ಡಿಗೆ ಚುಚ್ಚಿ, ಎಸಳೆಸಳಾಗಿ ಬಿಡಿಸಿ, ನಿಂಬೆರಸ ಹಿಂಡಿ, ಮೆಣಸಿನಪುಡಿ ಉದುರಿಸಿ ಕೊಡುತ್ತಿದ್ದಳು. ನೀರಜಾ ದಿನವೂ ತಿಂದಳು. ರಸ ಮೊಣಕೈಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

ಈಗ ಮಾಳವಿಕಾಳ ಪ್ರಶ್ನೆಯೆದುರು ತಬ್ಬಿಬ್ಬಾದವಳ ಕಣ್ಣು ಮೇಜಿನ ಮೇಲಿದ್ದ ಸೀಕರಣೆಯ ಬಟ್ಟಲಿಗೆ ಹೋಯಿತು. ನಾಲಿಗೆ ತಾನಾಗಿ ಆಡಿಬಿಟ್ಟಿತು: “ಮಾವಿನಹಣ್ಣು.”

“ಅಯ್ಯೋ ಅತ್ತಿಗೆ!” ಮಾಳವಿಕಾ ಎದೆಯ ಮೇಲೆ ಕೈಯಿಟ್ಟಳು. “ನಮ್ಮ ಮಾವ ಹಾಗಲಕಾಯಿ ಬಿಟ್ಟು ಬಂದ್ರು. ಅದನ್ನ ಅವರು ಹುಟ್ಟಿದಾಗಿಂದ ತಿಂದೋರೇ ಅಲ್ಲ. ವಿಶ್ವನಾಥನಿಗೇ ಟೋಪಿ! ನೀವು ನೋಡಿದ್ರೆ ಮಾವು ಬಿಟ್ಟಿದೀರಿ.”

ವಿಶಾಲಾಕ್ಷಮ್ಮ ಸೀಕರಣೆಗೆ ಆಗಲೇ ಚಮಚ ಹಾಕಿದ್ದರು. ಅದನ್ನು ಮೆಲ್ಲಗೆ ತೆಗೆದು ಬದಿಗಿಟ್ಟರು. ಬಟ್ಟಲನ್ನು ಮುಂದಕ್ಕೆ ಸರಿಸಿದರು.

“ನಂಗೂ ಬೇಡ.”

“ಅಮ್ಮಾ, ಬಿಟ್ಟಿರೋದು ಅವರು, ನೀನಲ್ಲ. ನಿಂಗೆ ಅಂತಲೇ ಮಾಡಿದ್ದು.”

“ನನ್ನ ಕಾಲಂತೂ ಕಾಶಿಗೆ ಹೋಗೋ ಹಾಗಿಲ್ಲ. ನಾಲಿಗೆನಾದ್ರೂ ಹೋಗಿ ಬರಲಿ.” ಅಂಗೈಗೆ ನೀರು ಹಾಕಿಕೊಂಡು, ಕಣ್ಮುಚ್ಚಿ ಏನೋ ಅಂದುಕೊಂಡು ತಟ್ಟೆಯ ಅಂಚಿನಲ್ಲಿ ಬಿಟ್ಟರು.

ತಡೆಯಬಹುದಾಗಿತ್ತು. ಆ ನೀರು ಬೆರಳಸಂದಿಯಿಂದ ಇಳಿಯುವ ಮುಂಚೆ ಒಂದು ಮಾತು ಸಾಕಿತ್ತು. ನೀರಜಾ ತಲೆ ತಗ್ಗಿಸಿ ಅನ್ನ ಕಲಸುತ್ತ ಕೂತಳು.

ಅದು ಮಾವಿನ ಕಾಲ. ರೇನರ್ಸ್ ಲೇನಿನ ಅಂಗಡಿಗಳ ಮುಂದೆ ಡಬ್ಬಿಗಳು ಆಳೆತ್ತರ ಪೇರಿಸಿರುತ್ತಿದ್ದವು. ಸಂಜೆ ಸೊಸೆಯ ತೋಳು ಹಿಡಿದು ನಡೆಯುವಾಗ ವಿಶಾಲಾಕ್ಷಮ್ಮನವರ ಹೆಜ್ಜೆ ಅಲ್ಲಿ ಬಂದು ನಿಧಾನವಾಗುತ್ತಿತ್ತು. ಒಮ್ಮೆ ಮೂಗೆಳೆದುಕೊಂಡು, “ವಾಸನೆ ನೋಡೋದಕ್ಕೇನೂ ಅಡ್ಡಿ ಇಲ್ವಲ್ಲೇ?” ಎಂದು ಮಗುವಿನ ಹಾಗೆ ನಕ್ಕರು. ಊಟ ಮೊದಲೇ ಕಡಿಮೆಯಾಗಿದ್ದ ಜೀವ. ವರ್ಷವಿಡೀ ಕಾದು ತಿನ್ನುತ್ತಿದ್ದುದು ಅದೊಂದನ್ನೇ. ಇನ್ನೆಷ್ಟು ಬೇಸಿಗೆ ಉಳಿದಿವೆಯೆಂದು ಡಾಕ್ಟರಾದ ನೀರಜಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಶನಿವಾರ ಕನ್ನಡದವರೆಲ್ಲ ಸೇರುವ ಹಾಲ್‌ನಲ್ಲಿ ಕಾವ್ಯವಾಚನ. ತಾತ ಓದುತ್ತಿದ್ದ ಷಟ್ಪದಿಗಳನ್ನು ಕಂಬಕ್ಕೊರಗಿ ಕೇಳಿ ಬೆಳೆದ ನೀರಜಾಳಿಗೆ ಯಾವಾಗಲೂ ಹಿಂದಿನ ಸಾಲೇ ಹಿತ. ಅಂದು ಅತ್ತೆ ಬಿಡಲಿಲ್ಲ. “ಕಾಶಿಗೆ ಹೋಗಿ ಬಂದೋಳು, ಮುಂದೆ ಕೂತ್ಕೋ.” ಹಿರಿಯರಾದ ತಿಮ್ಮಯ್ಯನವರು ಬಗ್ಗಿ ಅವಳ ಕಾಲು ಮುಟ್ಟಲು ಬಂದರು. ಅವಳು ಬೆಚ್ಚಿ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. “ಎಂಥ ವಿನಯ!” ಎಂದರು ಅವರು. ಓದು ಮೊದಲಾಯಿತು. ಆಡಿದ ಮಾತಿಗೋಸ್ಕರ ಕಾಶಿಯ ಬೀದಿಯಲ್ಲಿ ತನ್ನನ್ನೇ ಮಾರಿಕೊಂಡ ಅರಸನ ಕಥೆ. ರಾಗ ಏರಿದ ಹಾಗೆ ನೀರಜಾಳಿಗೆ ಕಿವಿಯೆಲ್ಲ ಕಾದುಹೋಯಿತು. ಎಷ್ಟೋ ಸಲ ಕಣ್ಣೀರಿಟ್ಟು ಕೇಳಿದ್ದ ಕಥೆ ಅದು. ಅಂದು ಅಳುವುದಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ಒಂದು ಡಬ್ಬಿ ಹಣ್ಣು ತಂದಳು. ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆಯ ಮುಂದೆ ಅದನ್ನಿಟ್ಟು, ನಿಂತೇ ಹೇಳಿದಳು.

“ಅತ್ತೆ, ನಾನು ಕಾಶಿಗೆ ಹೋಗಲಿಲ್ಲ.”

“ಮತ್ತೆ?”

“ಮೆಕ್ಸಿಕೋಗೆ. ಸಮುದ್ರ ನೋಡೋಕೆ.”

ವಿಶಾಲಾಕ್ಷಮ್ಮ ಕೈ ನಿಲ್ಲಿಸಲಿಲ್ಲ. “ಯಾರ ಜೊತೆ?”

“ಯಾರೂ ಇಲ್ಲ. ಒಬ್ಬಳೇ.”

“ಅಷ್ಟು ದೂರ ಹೋಗಿ ಏನು ಮಾಡಿದೆ?”

“ಏನೂ ಇಲ್ಲ. ಕೂತಿದ್ದೆ. ಮಾವಿನಹಣ್ಣು ತಿಂದೆ.”

ಒಂದು ಕಾಯಿಯ ನಾರು ಉದ್ದಕ್ಕೆ ಕಿತ್ತು ಬಂತು. “ನನ್ನ ಕೇಳಿದ್ರೆ ನಾನೇ ಮಾಳವಿಕಾಗೆ ಹೇಳಿ ನಿನ್ನ ಕಳಿಸ್ತಿದ್ದೆ,” ಅಂದರು. “ನಾನು ಬೇಡ ಅಂತೀನಿ ಅಂದ್ಕೊಂಡ್ಯಲ್ಲ.”

ಬೈದಿದ್ದರೆ ಎಷ್ಟೋ ಮೇಲಿತ್ತು. ನೀರಜಾ ಅವಸರದಿಂದ ಒಂದು ಹಣ್ಣು ಹೆಚ್ಚಿ ತಟ್ಟೆಯನ್ನು ಅವರ ಮುಂದಿಟ್ಟಳು. “ತಗೊಳ್ಳಿ ಅತ್ತೆ. ನನ್ನ ಸುಳ್ಳು ನಂಬಿ ಬಿಟ್ಟಿದ್ದು, ಅದು ಲೆಕ್ಕಕ್ಕಿಲ್ಲ. ದಮ್ಮಯ್ಯ ಅಂತೀನಿ, ಒಂದೇ ಒಂದು ಹೋಳು.”

“ನೀನು ಬಿಟ್ಟಿದ್ದು ಸುಳ್ಳು. ನಾನು ಬಿಟ್ಟಿದ್ದು ನಿಜ ಅಲ್ವೇನೇ? ನಾನೂ ವಿಶ್ವನಾಥನಿಗೆ ಸುಳ್ಳು ಹೇಳಲಾ?” ತಟ್ಟೆಯನ್ನು ಸೊಸೆಯ ಕಡೆಗೆ ತಿರುಗಿಸಿದರು. “ಕೂತ್ಕೋ. ಹೆಚ್ಚಿದ ಹಣ್ಣು ಹಾಳಾಗಬಾರದು. ನೀನೇನು ಬಿಟ್ಟಿಲ್ವಲ್ಲ, ತಿನ್ನು.”

ನೀರಜಾ ಕೂತಳು. ಒಂದು ಹೋಳು ಬಾಯಿಗಿಟ್ಟುಕೊಂಡಳು. ಎದುರಿಗೆ ಅತ್ತೆ ಹುರುಳಿಕಾಯಿ ಬಿಟ್ಟು ಅವಳ ಬಾಯನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಆಸೆಯಿತ್ತು.

“ಹೇಗಿದೆಯೇ?”

ಹುಳಿ ಅಂದುಬಿಡೋಣ ಅನ್ನಿಸಿತು. ಮುದಿಜೀವಕ್ಕೆ ಅಷ್ಟಾದರೂ ಸಮಾಧಾನ. ಬಾಯಿಯವರೆಗೂ ಬಂದ ಆ ಮಾತನ್ನು ಹಣ್ಣಿನ ಜೊತೆಗೇ ನುಂಗಿದಳು.

“ತುಂಬಾ ಸಿಹಿಯಾಗಿದೆ, ಅತ್ತೆ.”