ಆರ್ಕಿವ್ ಎಂಬ ಒಂದು ಸಾಲು

ಗುರುವಾರ ಬೆಳಿಗ್ಗೆ ನಾನಿನ್ನೂ ಕೋಟು ಬಿಚ್ಚಿರಲಿಲ್ಲ, ಓಡ್‌ಮುಂಡ್ ಪುರಸಭೆಯ ದಾಖಲೆ ವಿಭಾಗಕ್ಕೆ ಬಂದು ನಿಂತಿದ್ದ. ನಲವತ್ತು ವರ್ಷ ಮೀನುಗಾರಿಕೆ ದೋಣಿ ನಡೆಸಿದವನು, ಯಾರಿಗೂ ಸೊಪ್ಪು ಹಾಕಿದವನಲ್ಲ. ಅಂಥವನು ಒಂದು ಕಾಗದವನ್ನು ನನ್ನ ಮುಂದೆ ಚಾಚಿದ.

“ಗುನ್‌ವೋರ್, ನಾನು ಅರ್ಜೀನೇ ಹಾಕಿಲ್ವಂತೆ. ಓದು ಇದನ್ನ.”

ಓದಿದೆ. ಅವನ ಹೆಂಡತಿ ಮೋಲ್‌ಫ್ರಿಡ್‌ಗೆ ಮರೆವಿನ ಕಾಯಿಲೆ, ನಮ್ಮೂರಿನ ಆರೈಕೆ ಮನೆಯಲ್ಲಿದ್ದಾಳೆ. ದಿನಕ್ಕೆರಡು ಸಲ ಅವನೇ ಹೋಗಿ ಉಣಿಸುತ್ತಾನೆ. ಬೇರೆಯವರು ಚಮಚ ಹಿಡಿದರೆ ಅವಳು ಬಾಯಿ ತೆರೆಯುವುದಿಲ್ಲ. ಅವಳನ್ನು ಎರಡು ಫೆರಿ ದೋಣಿ ಹತ್ತಿ ಹೋಗಬೇಕಾದ ಬೇರೊಂದು ಊರಿಗೆ ಕಳಿಸುವ ಆದೇಶವಾಗಿತ್ತು. ಮೇಲ್ಮನವಿಗೆ ಮೂರು ವಾರ ಗಡುವು. ಗಡುವಿನೊಳಗೆ ಏನೂ ಬಂದಿಲ್ಲ, ಆದ್ದರಿಂದ ಸೋಮವಾರ ಸಾಗಿಸುತ್ತೇವೆ ಎಂದು ಪತ್ರ ಹೇಳುತ್ತಿತ್ತು.

“ಎರಡನೇ ವಾರದಲ್ಲೇ ಇಮೇಲ್ ಮಾಡಿದೀನಿ ಮಾರಾಯ್ತಿ. ನಿಮ್ಮ ಆ ಟ್ರುಲ್ಸ್ ‘ನಿಮ್ಮ ಪತ್ರ ಆರ್ಕಿವ್‌ಗೆ ಸೇರಿದೆ’ ಅಂತ ಉತ್ತರಾನೂ ಕೊಟ್ಟಿದೆ.”

ಟ್ರುಲ್ಸ್ ಅಂದರೆ ಕಳೆದ ಶರತ್ಕಾಲದಿಂದ ನಮ್ಮ ಇಮೇಲ್ ನೋಡಿಕೊಳ್ಳುತ್ತಿರುವ ಎಐ ಸಹಾಯಕ. ಅದರ ಕೈಗೆ ನಾವು ಕೆಲವು ಸಾಧನಗಳನ್ನು ಕೊಟ್ಟಿದ್ದೇವೆ: ಹುಡುಕು, ಉತ್ತರಿಸು, ಆವಕಕ್ಕೆ ಸೇರಿಸು, ಆರ್ಕಿವ್ ಹೀಗೆ. ಪ್ರತಿಯೊಂದರ ಪಕ್ಕದಲ್ಲಿ ಒಂದು ವಿವರಣೆ ಇರುತ್ತದೆ. ಅದನ್ನು ಓದಿಯೇ ಯಾವುದನ್ನು ಯಾವಾಗ ಬಳಸಬೇಕೆಂದು ಟ್ರುಲ್ಸ್ ತೀರ್ಮಾನಿಸುತ್ತದೆ.

ಬಂದ ಪತ್ರಗಳನ್ನು ದಾಖಲಿಸುವ ಆವಕ ಪಟ್ಟಿಯಲ್ಲಿ ಓಡ್‌ಮುಂಡ್‌ನ ಹೆಸರಿರಲಿಲ್ಲ. ಇಮೇಲ್ ಪೆಟ್ಟಿಗೆಯ ಮೂಲೆಯ ಒಂದು ಕಡತದಲ್ಲಿ ಅವನ ಪತ್ರವೂ ಇನ್ನೂ ನಲವತ್ತೊಂದು ಪತ್ರಗಳೂ ತೆಪ್ಪಗೆ ಕೂತಿದ್ದವು. ಸಾಧನದ ವಿವರಣೆ ತೆರೆದು ನೋಡಿದೆ. “ಆರ್ಕಿವ್: ಪತ್ರವನ್ನು ಆರ್ಕಿವ್ ಮಾಡುತ್ತದೆ.” ಅಷ್ಟೇ! ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಕಚೇರಿಯಲ್ಲಿ ಆರ್ಕಿವ್ ಎಂದರೆ ಪತ್ರಕ್ಕೆ ಸಂಖ್ಯೆ ಬೀಳುತ್ತದೆ, ಬಂದ ತಾರೀಖು ಬೀಳುತ್ತದೆ, ಊರವರೆಲ್ಲ ನೋಡಬಹುದಾದ ಆವಕ ಪಟ್ಟಿಗೆ ಸೇರುತ್ತದೆ. ಇಮೇಲ್‌ನಲ್ಲಿ ಅದೇ ಮಾತಿಗೆ ಕಣ್ಣಿಂದ ಮರೆಗೆ ಸರಿಸು ಎಂದರ್ಥ. ಮೇಲ್ಮನವಿಗಳನ್ನೆಲ್ಲ ಆರ್ಕಿವ್ ಮಾಡು ಎಂದು ನಾವೇ ಟ್ರುಲ್ಸ್‌ಗೆ ಹೇಳಿದ್ದೆವು. ಪಾಪ, ಹೇಳಿದ ಹಾಗೇ ಮಾಡಿತು.

ಓಡ್‌ಮುಂಡ್‌ನನ್ನು ಕೂರಿಸಿ ಕಾಫಿ ಕೊಟ್ಟು, ಹೊಸ ವಿವರಣೆ ಬರೆಯಲು ಕೂತೆ. ಹೆಸರನ್ನೇ “ಮರೆಗೆ ಸರಿಸು” ಎಂದು ಬದಲಿಸಿದೆ. “ಈ ಸಾಧನ ಪತ್ರವನ್ನು ಪೆಟ್ಟಿಗೆಯಿಂದ ಆಚೆ ಸರಿಸುತ್ತದೆ, ಬೇರೇನೂ ಮಾಡುವುದಿಲ್ಲ. ಸಂಖ್ಯೆ ಕೊಡುವುದಿಲ್ಲ. ಆವಕ ಪಟ್ಟಿಗೆ ಸೇರಿಸುವುದಿಲ್ಲ. ಅರ್ಜಿ, ದೂರು, ಮೇಲ್ಮನವಿಗೆ ಇದನ್ನು ಬಳಸಬೇಡ, ‘ಆವಕಕ್ಕೆ ಸೇರಿಸು’ ಎಂಬುದನ್ನು ಬಳಸು. ಜಾಹೀರಾತಿಗೂ ಮುಗಿದ ಸಭೆಯ ಕರೆಗೂ ಇದನ್ನು ಬಳಸಬಹುದು. ಯಾವುದೆಂದು ತಿಳಿಯದಿದ್ದರೆ ಏನೂ ಮಾಡಬೇಡ, ದಾಖಲೆ ವಿಭಾಗವನ್ನು ಕೇಳು.”

ವಿವರಣೆ ಬದಲಾದ ಸೂಚನೆ ನೋಡಿ ಗಣಕ ವಿಭಾಗದ ಮುಖ್ಯಸ್ಥ ಯೋರಾನ್ ಅಷ್ಟರಲ್ಲಿ ಓಡಿಬಂದ.

“ಇಷ್ಟುದ್ದ ಯಾರು ಓದ್ತಾರೆ ಗುನ್‌ವೋರ್?”

“ಟ್ರುಲ್ಸ್ ಓದುತ್ತೆ. ಈ ಕಚೇರೀಲಿ ಕೊಟ್ಟಿದ್ದನ್ನ ಕೊನೇ ತನಕ ಓದೋದು ಅದೊಂದೇ.”

“ವಿವರಣೆ ಅಂದ್ರೆ ಒಂದು ಸಾಲು. ಎಲ್ಲಾ ಕಡೆ ಹಾಗೇ ಇರೋದು.”

“ಆ ಒಂದು ಸಾಲೇ ಅಲ್ವಾ ನಲವತ್ತೆರಡು ಜನರನ್ನ ಮುಳುಗಿಸಿದ್ದು?”

ಅವನು ಓಡ್‌ಮುಂಡ್‌ನ ಕಡೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. “ನೋಡು, ಬಿಟ್ಟುಹೋಗಿರೋ ಪತ್ರಗಳಿಗೆಲ್ಲ ಇವತ್ತಿನ ತಾರೀಖು ಹಾಕ್ಬಿಡು. ಇಲ್ದಿದ್ರೆ ಆರು ತಿಂಗಳ ರಾದ್ಧಾಂತ ಹೊರಗೆ ಬರುತ್ತೆ.”

ಇವತ್ತಿನ ತಾರೀಖು ಬಿದ್ದರೆ ಓಡ್‌ಮುಂಡ್‌ನ ಅರ್ಜಿ ಒಂಬತ್ತು ದಿನ ತಡವಾಗುತ್ತಿತ್ತು. ಮೋಲ್‌ಫ್ರಿಡ್ ಸೋಮವಾರ ಹೊರಡುತ್ತಿದ್ದಳು, ಅವಳ ಬಾಯಿ ಆ ಊರಿನಲ್ಲಿ ಮುಚ್ಚಿಯೇ ಇರುತ್ತಿತ್ತು.

“ಬಾಯಲ್ಲಿ ಹೇಳಿದ್ರೆ ನಾನು ಕೇಳಲ್ಲ,” ಎಂದೆ. “ಬರ್ದು ಕಳಿಸು.”

ನಾನು ಬಗ್ಗಿದೆ ಅಂದುಕೊಂಡ ಆಸಾಮಿ. ಹನ್ನೊಂದೂವರೆಗೆ ಬುತ್ತಿ ಬಿಚ್ಚಿ ಬ್ರೆಡ್ಡಿನ ಮೇಲಿನ ಕಂದು ಚೀಸ್ ಕಚ್ಚುವಷ್ಟರಲ್ಲಿ ಅವನ ಇಮೇಲ್ ಬಂತು. “ಬಾಕಿ ಪತ್ರಗಳಿಗೆ ಇಂದಿನ ದಿನಾಂಕ ಹಾಕುವುದು. ವಿವರಣೆಯನ್ನು ಒಂದು ಸಾಲಿಗೆ ಇಳಿಸುವುದು.”

ನಲವತ್ತೆರಡು ಪತ್ರಗಳನ್ನೂ ನಾನೇ ಕೈಯಾರೆ ಆವಕಕ್ಕೆ ಸೇರಿಸಿದೆ, ಒಂದೊಂದೂ ಬಂದ ದಿನದ ತಾರೀಖಿನಲ್ಲೇ. ನಲವತ್ತಮೂರನೆಯದಾಗಿ ಯೋರಾನ್‌ನ ಇಮೇಲನ್ನು ಸೇರಿಸಿದೆ. ಕಚೇರಿಯ ಆದೇಶ ತಾನೇ, ಸಂಖ್ಯೆ ಬೇಡವೇ? ಎರಡು ಗಂಟೆಗೆ ಪಟ್ಟಿ ಪ್ರಕಟವಾಯಿತು. ನಮ್ಮೂರಿನ ಪುಟ್ಟ ಪತ್ರಿಕೆಯವರು ಅದನ್ನು ದಿನವೂ ಓದುತ್ತಾರೆ.

ಯೋರಾನ್ ಕೆಂಪಗಾಗಿ ಬಂದ. “ಆ ಒಂದನ್ನ ತೆಗಿ!”

“ತೆಗಿಯೋಕೆ ಬರಲ್ಲ. ನಂಬರ್ ಬಿತ್ತು. ಇದು ನಿನ್ನ ಆರ್ಕಿವ್ ಅಲ್ಲಪ್ಪಾ, ನನ್ನದು.”

“ನೀನು ಬೇಕೂಂತಲೇ ಮಾಡಿದೀಯ.”

“ಹೌದು. ಬೇಕೂಂತಲೇ.”

ಸುಳ್ಳು ಹೇಳುವುದಿಲ್ಲ, ನನಗೆ ಹೆದರಿಕೆಯಿತ್ತು. ಕೆಲಸ ಹೋದರೆ ಹೋಗಲಿ ಎಂದು ಎಣಿಸಿದಾಗ ಮಾತ್ರ ಎದೆ ಹಗುರವಾಯಿತು. ವಿವರಣೆ ಕಡಿಮೆ ಮಾಡಬೇಕೆನ್ನುವವರು ಇನ್ನೊಮ್ಮೆ ಬರೆದು ಕೊಡಲಿ, ಅದಕ್ಕೂ ಸಂಖ್ಯೆ ಹಾಕುತ್ತೇನೆ ಎಂದೆ. ಈವರೆಗೆ ಯಾರೂ ಕೊಟ್ಟಿಲ್ಲ.

ನಾಲ್ಕು ಗಂಟೆಗೆ ಆರೈಕೆ ವಿಭಾಗದಿಂದ ಫೋನ್ ಬಂತು. ಮೇಲ್ಮನವಿ ತೀರ್ಮಾನವಾಗುವವರೆಗೆ ಸಾಗಣೆ ನಿಲ್ಲಿಸಿದ್ದರು. ಕೂಡಲೇ ಓಡ್‌ಮುಂಡ್‌ಗೆ ಫೋನ್ ಮಾಡಿದೆ.

“ಬರ್ಕೋ, ನಿನ್ನ ಅರ್ಜಿಯ ನಂಬರ್ 1187ರ 3. ಸೋಮವಾರ ಯಾರಾದ್ರೂ ಕರ್ಕೊಂಡು ಹೋಗೋಕೆ ಬಂದ್ರೆ ಈ ನಂಬರ್ ತೋರಿಸು.”

“ಎಲ್ಲಿ ಬರ್ಕೊಳ್ಳಲಿ?”

“ಅವರಿಗೆ ಕಾಣೋ ಕಡೆ.”

ಸೋಮವಾರ ಆರೈಕೆ ಮನೆಗೆ ಹೋದೆ. ಮೋಲ್‌ಫ್ರಿಡ್‌ಳ ಕೋಣೆಯ ಬಿಳಿ ಬಾಗಿಲಿನ ಮೇಲೆ, ದೋಣಿಗೆ ಬಳಿಯುವ ಕಪ್ಪು ಬಣ್ಣದಲ್ಲಿ, ಒಂದೊಂದು ಅಂಕಿ ಗೇಣುದ್ದ: 1187/3.

“ಅಳಿಸು ಅಂದ್ವಿ,” ಎಂದಳು ದಾದಿ. “ಕುಂಚ ಹಿಡ್ಕೊಂಡೇ ಒಂದು ಸಲ ನಮ್ಮನ್ನ ನೋಡ್ದ. ಹಾಗೇ ಬಿಟ್ವಿ.”

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಓಡ್‌ಮುಂಡ್ ಮೀನಿನ ಸೂಪು ಆರಿಸಿ ಚಮಚ ಮುಂದೆ ಹಿಡಿದ. ಮೋಲ್‌ಫ್ರಿಡ್ ಬಾಯಿ ತೆರೆದಳು.